ಅಜ್ಜನ ಚಟ ಯಾರೂ ಕೇಳೂದಿಲ್ಲ

ಕಿತ್ತೂರಿನಿಂದ ಬೈಲಹೊಂಗಲ, ಅಲ್ಲಿಂದ ಸವದತ್ತಿ, ಮುಂದೆ ರಾಮದುರ್ಗ. ಈ ದಾರಿಯಲ್ಲಿ ಬಸ್ಸಿನ ಕಂಡಕ್ಟರ್ ಆಗಿ ಮೂವತ್ತೆರಡು ವರ್ಷ ಸವೆಸಿದವನು ನಾನು. ಚೀಲ ಬಗಲಿಗೆ, ಸೀಟಿ ಬಾಯಿಗೆ, ತಂಬಾಕು ಎಡಗಲ್ಲಕ್ಕೆ. ತಂಬಾಕು ಇಟ್ಟುಕೊಂಡೇ ಸೀಟಿ ಊದುವುದು ಒಂದು ವಿದ್ಯೆ. ಟಿಕೀಟಿನ ಲೆಕ್ಕ ಕಲಿಯಲು ನನಗೆ ಆರು ತಿಂಗಳು ಹಿಡಿಯಿತು, ಈ ವಿದ್ಯೆ ಎರಡೇ ತಿಂಗಳಲ್ಲಿ ಬಂತು.

ಈಗ ಎಪ್ಪತ್ನಾಲ್ಕು. ಸಂಜೆ ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿಯ ಕಡೆ ಅಡ್ಡಾಡಿ ಬಂದು ಓರಗೆಯವರ ಜೊತೆ ಕಟ್ಟೆಯ ಮೇಲೆ ಕೂರುತ್ತೇನೆ. ನವಿಲುತೀರ್ಥದ ಡ್ಯಾಮಿಗೆ ನೀರೆಷ್ಟು ಬಂತು, ಹತ್ತಿಗೆ ದರ ಎಷ್ಟಾಯಿತು, ಯಾರ ಮೊಣಕಾಲಿಗೆ ಆಪರೇಷನ್ ಆಯಿತು, ಎಲ್ಲ ಮಾತೂ ಅಲ್ಲಿ ಬರುತ್ತದೆ. ಸಂಜೆ ಏಳಕ್ಕೆ ಇಬ್ಬರು ಮೂವರು 'ಬರ್ತೇನಪಾ' ಎಂದು ಎದ್ದು ಹೋಗುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

ಮನೆಯಲ್ಲಿ ಹರೆಯದ ಹುಡುಗ ಕುಡಿದು ಬಂದರೆ ನೋಡಿ. ತಾಯಿ ಅಳುತ್ತಾಳೆ, ಕಾಕಾ ಬರುತ್ತಾನೆ, ಸೋದರಮಾವ ಬರುತ್ತಾನೆ, ಮಠಕ್ಕೆ ಕರೆದೊಯ್ದು ಆಣೆ ಮಾಡಿಸುತ್ತಾರೆ. ಅದೇ ಮನೆಯ ಅಜ್ಜ ದಿನಾ ಕ್ವಾರ್ಟರ್ ಹಾಕಿದರೆ, 'ಬಿಡ್ರಿ, ವಯಸ್ಸಾಗೇತಿ, ಇನ್ನೆಷ್ಟ ದಿನ' ಎನ್ನುತ್ತಾರೆ. ತಂಬಾಕು ಮುಗಿದರೆ ಮೊಮ್ಮಗನನ್ನೇ ಅಂಗಡಿಗೆ ಓಡಿಸುತ್ತಾರೆ. (2025ರಿಂದ ನಮ್ಮ ರಾಜ್ಯದಲ್ಲಿ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ. ಅಜ್ಜನ ಹೆಸರು ಹೇಳಿದರೆ ಅಂಗಡಿಯವನು ಈಗಲೂ ಕೊಡುತ್ತಾನೆ, ಆ ಮಾತು ಬೇರೆ.) ಇದನ್ನೆಲ್ಲ ನಾವು ಮರ್ಯಾದೆ ಎಂದುಕೊಂಡಿದ್ದೇವೆ. ನನ್ನ ಕಣ್ಣಿಗೆ ಮಾತ್ರ ನಮ್ಮನ್ನು ಲೆಕ್ಕದಿಂದ ಕೈಬಿಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಅರವತ್ತು ದಾಟಿದ ಅಣ್ಣಗಳಿಗೆ, ಅಕ್ಕಗಳಿಗೆ ಈ ಮಾತು. ಮನೆಯವರು ಕೇಳುವುದಿಲ್ಲ, ಕೇಳುವವರ ಮುಂದೆ ನಾವಾಗಿಯೇ ಬಾಯಿ ಬಿಡಬೇಕು.

ಇದು ನನಗೆ ಸುಮ್ಮನೆ ತಿಳಿದದ್ದಲ್ಲ. ನೇಸರಗಿ ಕಡೆಯ ನನ್ನ ಗೆಳೆಯನೊಬ್ಬ ಒಕ್ಕಲುತನದವ, ಆರಡಿ ಆಳು. ಹೊಲದಿಂದ ಬಂದು ಸಂಜೆಗೆ ಒಂದು ಕ್ವಾರ್ಟರ್, ನಲವತ್ತು ವರ್ಷ. ಜಗಳವಿಲ್ಲ, ಗಟಾರದಲ್ಲಿ ಬಿದ್ದವನಲ್ಲ. 'ಅವ ಕುಡದದ್ದು ಅವನ ಹೇಂತಿಗೂ ಗೊತ್ತಾಗೂದಿಲ್ಲ' ಎಂದು ನಾವು ಹೊಗಳುತ್ತಿದ್ದೆವು. ಅರವತ್ತೆಂಟರಲ್ಲಿ ಒಂದು ನಸುಕಿಗೆ ಬಚ್ಚಲಲ್ಲಿ ಜಾರಿ ಬಿದ್ದ. ತೊಡೆಯ ಎಲುಬು ಮೇಲ್ತುದಿಗೆ ಮುರಿಯಿತು. ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದೆವು.

ಅಲ್ಲಿ ಹರೆಯದ ಡಾಕ್ಟರಮ್ಮ ಒಂದು ಫಾರ್ಮ್ ಹಿಡಿದು ಬಂದಳು. ಬಿಪಿ ಇದೆಯಾ, ಶುಗರ್ ಇದೆಯಾ, ಕುಡಿಯೋದು, ತಂಬಾಕು ಏನಾದರೂ ಇದೆಯಾ? ಮಗ ನನ್ನ ಮುಖ ನೋಡಿದ. ಹಿಂದೆ ರಾಮದುರ್ಗದ ಹೊಸ ಬೀಗರು ನಿಂತಿದ್ದರು. ಬಿಳಿ ಕೂದಲಿನವನು, ಹಿರಿಯ, ನಾನೇ ಮುಂದಾಗಿ ಹೇಳಿದೆ: 'ಏನೂ ಇಲ್ಲರಿ ಡಾಕ್ಟರ್ ಸಾಹೇಬ್ರ. ಅವನಾತು, ಅವನ ಹೊಲಾತು.' ಆಕೆ ಒಂದೇ ಶಬ್ದ ಬರೆದುಕೊಂಡು ಹೋದಳು.

ಮರುದಿನ ಆಪರೇಷನ್ ಚಲೋ ಆಯಿತು. ಮೂರನೇ ರಾತ್ರಿ ಹಾಸಿಗೆಯ ಹತ್ತಿರ ನಾನಿದ್ದೆ. ಮೊದಲು ಕೈ ನಡುಗಿತು. ಅಂಗಿ ತೊಯ್ಯುವಷ್ಟು ಬೆವರು. ಆಮೇಲೆ ಹತ್ತಿ ಬಿಡಿಸುವ ಹಾಗೆ ಚಾದರದ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಆರಿಸತೊಡಗಿದ. 'ಲೇ, ಇರಿವಿ ನೋಡಲೇ, ಗ್ವಾಡಿ ತುಂಬ ಇರಿವಿ.' ಗೋಡೆ ಸ್ವಚ್ಛವಾಗಿತ್ತು. ಹದಿನೈದು ವರ್ಷದ ಹಿಂದೆ ಸತ್ತ ಎತ್ತಿನ ಹೆಸರು ಹಿಡಿದು ಕೂಗಿ, 'ಹಗ್ಗ ಹರಕೊಂಡ ಹೊಂಟೈತಿ, ಹಿಡೀರಿ' ಎಂದು ಹೊಲಿಗೆ ಹಾಕಿದ ಕಾಲಿನ ಮೇಲೆಯೇ ಇಳಿಯಲು ಹೋದ. 'ಯಪ್ಪಗ ಗಾಳಿ ಬಡದೈತಿ' ಎಂದು ಮಗಳು ಅಳತೊಡಗಿದಳು. ಯಾರೋ ಅಂಗಾರ ತರಲು ಓಡಿದರು. ಅಷ್ಟರಲ್ಲಿ ಫಿಟ್ಸ್ ಬಂತು. ರಾತ್ರಿ ಪಾಳಿಯ ಡಾಕ್ಟರು ಓಡಿ ಬಂದು ನೋಡಿ, ಸೀದಾ ನನ್ನ ಕಡೆ ತಿರುಗಿ ಕೇಳಿದರು: 'ಎಷ್ಟು ಕುಡೀತಿದ್ರು? ಎಷ್ಟು ವರ್ಷದಿಂದ?'

ಆಗ ಹೇಳಿದೆ.

ಅವರು ತಿಳಿಸಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವನ ಮೆದುಳು, ಸೆರೆ (ಮದ್ಯ) ಹಾಕುವ ಬ್ರೇಕಿಗೆ ಹೊಂದಿಕೊಂಡು ತಾನು ಎಕ್ಸಿಲರೇಟರ್ ಜೋರಾಗಿ ತುಳಿದೇ ಇರುತ್ತದೆ. ಒಮ್ಮೆಲೇ ಸೆರೆ ನಿಂತರೆ ಬ್ರೇಕ್ ಕಳಚಿತು, ತುಳಿದ ಕಾಲು ಮಾತ್ರ ಹಾಗೇ ಇದೆ. ಘಾಟಿಯಲ್ಲಿ ಬಸ್ ಏನಾಗುತ್ತದೆಯೋ ಅದೇ ಆಗುತ್ತದೆ, ಸಾಮಾನ್ಯವಾಗಿ ಎರಡನೇ ಮೂರನೇ ದಿನಕ್ಕೆ. ಮುದುಕರಿಗೆ ಇದು ಪ್ರಾಣಕ್ಕೂ ಬರುತ್ತದೆ. ಮೊದಲ ದಿನವೇ ಗೊತ್ತಿದ್ದರೆ ಅದಕ್ಕೆ ಔಷಧವಿದೆ, ಬಿ-ಒನ್ ಇಂಜೆಕ್ಷನ್ ಇದೆ, ಈ ರಾತ್ರಿಯನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ಎಂಟು ದಿನ ಐಸಿಯು. ಬದುಕಿದ. ಮಾತು ಬಂದ ಮೇಲೆ ಅವನು ಹೇಳಿದ್ದು ಇಷ್ಟೇ: 'ನೀನರ ಹೇಳಬೇಕಿತ್ತಲೇ. ಬೀಗರು ಏನ ತಿಳಕೊಂಡಿದ್ರ ಏನಾಕ್ಕಿತ್ತು?'

ಆ ಬೀಗರು ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನನ್ನ ಕಿವಿಯಲ್ಲಿ ಹೇಳಿದರು, ತಾವೂ ರಾತ್ರಿ ಮಲಗುವಾಗ ಒಂದು ನೈಂಟಿ ಹಾಕುವವರಂತೆ.

ಬಸ್ಸಿನಲ್ಲಿ ನಮಗೊಂದು ವೇಬಿಲ್ ಇರುತ್ತಿತ್ತು. ಸ್ಟೇಜ್ ಸ್ಟೇಜಿಗೆ ಟಿಕೀಟಿನ ನಂಬರ್ ಬರೆದು ಮುಚ್ಚಬೇಕು. ಲೈನ್ ಚೆಕಿಂಗಿನವರು ಎಲ್ಲಿ ಹತ್ತುತ್ತಾರೋ ಗೊತ್ತಿಲ್ಲ, ಒಂದು ಸ್ಟೇಜ್ ಬಿಟ್ಟಿದ್ದರೂ ಮೆಮೊ. ಮೂವತ್ತೆರಡು ವರ್ಷ ಒಂದು ರೂಪಾಯಿ ಮುಚ್ಚಿಡದವನು ಗೆಳೆಯನ ಜೀವದ ಲೆಕ್ಕ ಮುಚ್ಚಿಟ್ಟೆ.

'ಇಪ್ಪತ್ತೈದರಲ್ಲಿ ಎಷ್ಟು ಕುಡೀತಿದ್ನೋ ಈಗಲೂ ಅಷ್ಟೇ' ಎಂದು ಕಟ್ಟೆಯ ಮೇಲೆ ಹೆಮ್ಮೆಯಿಂದ ಹೇಳುವವರಿದ್ದಾರೆ. ಬಾಟಲಿ ಅಷ್ಟೇ ಇರಬಹುದು, ಸುರಿಯುವ ಗಡಿಗೆ ಸಣ್ಣದಾಗಿದೆ. ವಯಸ್ಸಾದಂತೆ ಮೈಯಲ್ಲಿನ ನೀರಿನ ಅಂಶ ಇಳಿಯುತ್ತದೆ, ಅಷ್ಟೇ ಸೆರೆ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಲಿವರ್ ಅದನ್ನು ಸಾಗಹಾಕುವುದು ನಿಧಾನ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೋಹಾಲ್. 180 ಎಂಎಲ್ ಕ್ವಾರ್ಟರ್ ಎಂದರೆ ಸುಮಾರು 60 ಗ್ರಾಂ ಬರೀ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆ ಹತ್ತು ಗ್ರಾಮನ್ನು ಒಂದು ಅಳತೆ ಎಂದು ಹಿಡಿಯುತ್ತದೆ. ಹಾಗೆ ಎಣಿಸಿದರೆ ನಮ್ಮ 'ಒಂದೇ ಒಂದು' ಆರಾಯಿತು. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ಅದೇ ಸಂಸ್ಥೆ 2023ರಲ್ಲಿ ಸಾರಿತು. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸರಾಯಿ ಬಂದಾದಾಗ ನಮ್ಮ ಹೆಣ್ಣುಮಕ್ಕಳು ಎಷ್ಟು ಖುಷಿಪಟ್ಟಿದ್ದರು. ಸರಾಯಿ ಪಾಕೀಟು ಹೋಯಿತು, ಟೆಟ್ರಾ ಪಾಕೀಟು ಬಂತು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಖಾತೆಗೆ ಬಿದ್ದ ದಿನ ಅಂಗಡಿಯ ಮುಂದೆ ಎಷ್ಟು ಕೈಕೋಲು ಒರಗಿ ನಿಂತಿರುತ್ತವೆ ನೋಡಿ.

ಸೆರೆಗಿಂತ ಅದರ ಜೊತೆಗಿನ ಗುಳಿಗೆ ನಮ್ಮ ವಯಸ್ಸಿಗೆ ಹೆಚ್ಚು ಕಂಟಕ. ನಾನು ಕೆಲಸದಲ್ಲಿದ್ದಾಗ ಒಮ್ಮೆ ಭಾರತ ಹುಣ್ಣಿಮೆಯ ಗದ್ದಲ, ಎಲ್ಲಮ್ಮನ ಗುಡ್ಡದಿಂದ ಇಳಿದವರೆಲ್ಲ ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಮುಗಿಬಿದ್ದಿದ್ದರು. ಮೈತುಂಬ ಭಂಡಾರದ ಒಬ್ಬ ಅಜ್ಜ ತೂರಾಡುತ್ತ ಹತ್ತಿದ. ಎಲ್ಲಿಗೆ ಎಂದರೆ ಊರಿನ ಹೆಸರು ಬರುತ್ತಿಲ್ಲ, ಹಣೆಯ ಮೇಲಿನ ಭಂಡಾರ ಬೆವರಿನಲ್ಲಿ ಕರಗಿ ಕಣ್ಣಿಗಿಳಿಯುತ್ತಿದೆ, ಬಾಯಲ್ಲಿ ವಾಸನೆ ಬೇರೆ. 'ಕುಡದ ಬಂದಾನ, ಇಳಸ್ರಿ ಇವನ್ನ' ಎಂದು ನಾನೇ ಕೂಗಿದೆ. ಮುಂದಿನ ಸೀಟಿನಲ್ಲಿ ಸರಕಾರಿ ದವಾಖಾನೆಯ ಸಿಸ್ಟರ್ ಒಬ್ಬರಿದ್ದರು. 'ತಡೀರಿ ಕಂಡಕ್ಟರ್' ಎಂದವರೇ ಪ್ರಸಾದದ ಸಕ್ಕರೆ ಅವನ ಅಂಗೈಗೆ ಹಾಕಿ ತಿನ್ನಿಸಿದರು. ಕಾಲು ತಾಸಿನಲ್ಲಿ ಅಜ್ಜ ಊರು ಹೇಳಿ, ಚಿಲ್ಲರೆ ಎಣಿಸಿ ಕೊಟ್ಟ! ರಾತ್ರಿ ಕುಡಿದಿದ್ದ ನಿಜ. ಊಟ ಬಿಟ್ಟಿದ್ದ, ಬೆಳಿಗ್ಗೆ ಶುಗರ್ ಗುಳಿಗೆ ತಪ್ಪದೆ ನುಂಗಿದ್ದ. ಹೊಟ್ಟೆ ಖಾಲಿ ಇದ್ದಾಗ ಲಿವರ್ ತಾನೇ ಹೊಸದಾಗಿ ಸಕ್ಕರೆ ತಯಾರಿಸಿ ಕಾಯಬೇಕು, ಸೆರೆ ಆ ಕೆಲಸಕ್ಕೆ ಅಡ್ಡ ಬರುತ್ತದೆ, ಗುಳಿಗೆ ಇನ್ನಷ್ಟು ಇಳಿಸುತ್ತದೆ. ನೋಡುವವರಿಗೆ ಕುಡಿದವನ ಹಾಗೇ ಕಾಣುತ್ತದೆ. ಎಚ್ಚರವಿದ್ದವರಿಗೆ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಗಾಡಿ ಹಿಡಿದು ದವಾಖಾನೆಗೆ ನಡೆಯಿರಿ.

ಮೊಣಕಾಲು ನೋವಿಗೆ ಅಂಗಡಿಯಿಂದ ತಾವೇ ಕೇಳಿ ತಂದ ಗುಳಿಗೆ ಬೆಳಿಗ್ಗೆ, ಸಂಜೆ ಸೆರೆ: ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಒಸರಬಹುದು. ಹೊರಕಡೆ ಹೋದದ್ದು ಡಾಂಬರಿನಂತೆ ಕಪ್ಪಗಾಯಿತೆಂದರೆ ಆ ದಿನವೇ ತೋರಿಸಿ. ಭಜನಿ ಮೇಳದ ಗಾಂಜಾ ಚಿಲುಮಿಯ ವಿಷಯ ಹೆಚ್ಚು ಹೇಳುವುದಿಲ್ಲ. 1985ರ ಕಾನೂನು ಇದೆ, ಎದೆಬಡಿತ ಏರಿಸುವ ಹೊಗೆ ಅದು, ಸ್ಟೆಂಟ್ ಹಾಕಿಸಿಕೊಂಡ ಎದೆಗೆ ಬೇಡ.

ಅಕ್ಕಗಳೇ, ಇದೆಲ್ಲ ಗಂಡಸರ ಮಾತು ಎಂದು ಎದ್ದು ಹೋಗಬೇಡಿ. ಸುರೇಬಾನದಲ್ಲಿ ನನ್ನ ದೊಡ್ಡಕ್ಕ ಇದ್ದಾಳೆ. ಮಗ್ಗದ ಮನೆ. ದಿನಕ್ಕೆ ನಾಲ್ಕು ಸಲ ತಪಕೀರ ಹಲ್ಲಿಗೆ ತಿಕ್ಕುತ್ತಾಳೆ, ಮಶೇರಿ ಸಿಕ್ಕರೆ ಅದೂ ಆಯಿತು. 'ಹಲ್ಲ ತಿಕ್ಕೂದು ಚಟೇನೋ ತಮ್ಮಾ?' ಎನ್ನುತ್ತಾಳೆ. ನಾಲ್ಕು ಸಲ ತಿಕ್ಕದಿದ್ದರೆ ತಲೆ ಸಿಡಿಯುತ್ತದೆ ಎಂದರೆ ಅದು ಹಲ್ಲಿನ ಕೆಲಸವಲ್ಲ, ತಂಬಾಕಿನದು. ಇನ್ನೂ ಒಂದಿತ್ತು. ಭಾವ ತೀರಿಕೊಂಡಾಗ ನಿದ್ದೆ ಬರಲೆಂದು ಡಾಕ್ಟರು ಹದಿನೈದು ದಿನಕ್ಕೆ ಗುಳಿಗೆ ಬರೆದುಕೊಟ್ಟರು. ಅಕ್ಕ ಅದೇ ಚೀಟಿ ಹಿಡಿದು ಆರು ವರ್ಷ ತಂದಳು. ಆ ಚೀಟಿ ನಾನು ನೋಡಿದೆ. ಮಡಿಕೆ ಮಡಿಕೆಗೆ ಹರಿದು, ಹಿಂದೆ ಸೆಲ್ಲೋಟೇಪ್ ಹಚ್ಚಿ, ಅಕ್ಷರವೇ ಉಳಿದಿರಲಿಲ್ಲ. ರಾತ್ರಿ ಎದ್ದರೆ ಗೋಡೆ ಹಿಡಿದು ನಡೆಯುತ್ತಿದ್ದಳು, ಬೆಳಿಗ್ಗೆ ಯಾವ ಹಬ್ಬ ಯಾವ ವಾರ ಮರೆಯುತ್ತಿದ್ದಳು. 'ವಯಸ್ಸಾತು, ಅರುಳು ಮರುಳು' ಎಂದು ಸೊಸೆಯಂದಿರು ಬಿಟ್ಟಿದ್ದರು. ಡಾಕ್ಟರಿಗೆ ತೋರಿಸಿದೆವು. ಒಮ್ಮೆಲೇ ನಿಲ್ಲಿಸಿದರೆ ಇದರಲ್ಲೂ ಫಿಟ್ಸಿನ ಭಯವಿದೆ ಎಂದು ನಾಲ್ಕು ತಿಂಗಳು ಕಾಲು ಕಾಲು ಗುಳಿಗೆ ಕಡಿಮೆ ಮಾಡಿ ಬಿಡಿಸಿದರು. ಈಗ ಅಕ್ಕನಿಗೆ ನನಗಿಂತ ಚೆನ್ನಾಗಿ ಪಂಚಾಂಗ ಗೊತ್ತು. ತಪಕೀರ ಇನ್ನೂ ಬಿಟ್ಟಿಲ್ಲ. ನಿದ್ದೆ ಗುಳಿಗೆ ಮತ್ತು ಸೆರೆ ಒಂದೇ ರಾತ್ರಿ ಕೂಡಿದರೆ ಉಸಿರೇ ನಿಧಾನವಾಗಿ ನಿಂತೀತು. ಅಂಥ ಮನೆಗಳೂ ಇವೆ, ಗುಳಿಗೆ ಹೆಂಡತಿಯದು, ಒಂದು ನುಂಗುವವನು ಗಂಡ.

ನನ್ನ ತಂಬಾಕಿನ ಕಥೆ ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕಿಲ್ಲ. ನಿಪ್ಪಾಣಿ ಇರುವುದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ, ಬೀಡಿ ತಂಬಾಕಿನ ಊರು. 1981ರಲ್ಲಿ ಅಲ್ಲಿನ ರೈತರು ದರಕ್ಕಾಗಿ ಗುಂಡೇಟು ತಿಂದದ್ದನ್ನು ಪೇಪರಿನಲ್ಲಿ ಓದುವಾಗಲೂ ನನ್ನ ಹೆಬ್ಬೆರಳು ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತಲೇ ಇತ್ತು. ಇಳಕಲ್ಲಿನ ಮಹಾಂತ ಅಪ್ಪಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಬೇಡ, ಕಾಳು ಬೇಡ, ನಿಮ್ಮ ಚಟ ಹಾಕಿ ಎಂದು ಬೇಡಿದವರು. 2018ರಲ್ಲಿ ಲಿಂಗೈಕ್ಯರಾದರು, ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ನಾನೂ ನನ್ನ ಡಬ್ಬಿ ಹಾಕಿದ್ದೆ, ಒಂದು ಬದಿ ತಂಬಾಕು ಒಂದು ಬದಿ ಸುಣ್ಣದ ಜರ್ಮನ್ ಡಬ್ಬಿ. ಕಣ್ಣಲ್ಲಿ ನೀರು ಬಂದಿತ್ತು. ಎಂಟನೇ ದಿನಕ್ಕೆ ಸಂತೆಯಲ್ಲಿ ಹೊಸ ಡಬ್ಬಿ ಕೊಂಡೆ. ಹಿಂದಿನದಕ್ಕಿಂತ ಚಂದ ಇತ್ತು.

ಅಪ್ಪಗಳ ಜೋಳಿಗೆ ಸುಳ್ಳಲ್ಲ, ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದೆ. ನಾನು ಡಬ್ಬಿ ಕೊಟ್ಟು ಬಂದೆ, ಡಬ್ಬಿ ಹುಡುಕುವ ಕೈಯನ್ನು ಮನೆಗೆ ತಂದೆ, ಅಷ್ಟೇ. ಬಿಟ್ಟದ್ದು ಅರವತ್ಮೂರರಲ್ಲಿ. ಹಲ್ಲು ನೋವೆಂದು ಹೋದಾಗ ಡಾಕ್ಟರು ಎಡಗಲ್ಲ ಎಳೆದು ಕನ್ನಡಿ ಹಿಡಿದು ನನಗೇ ತೋರಿಸಿದರು: ಒಳಗೆ ಸುಣ್ಣ ಸಿಡಿದು ಒಣಗಿದ ಗೋಡೆಯಂತೆ ಒಂದು ಬಿಳಿ ಮಚ್ಚೆ, ನಾಲ್ಕಾಣೆಯಷ್ಟು. ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ಮೊದಲ ಮೂರು ದಿನ ಮನೆಯವರ ಮೇಲೆಲ್ಲ ಹರಿಹಾಯ್ದೆ. ಬಲ ಹೆಬ್ಬೆರಳು ಖಾಲಿ ಎಡ ಅಂಗೈಯನ್ನು ತಾನೇ ತಾನಾಗಿ ತಿಕ್ಕುತ್ತಿತ್ತು. ನನ್ನ ಹೆಂಡತಿ ಆ ಅಂಗೈಗೆ ಬಡೇಸೋಪು ಹಾಕಿದಳು. ಡಾಕ್ಟರು ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರು, ಎಮ್ಮೆ ಮೆಲುಕು ಹಾಕಿದಂತೆ ಸಾವಕಾಶ ಅಗಿದು ಗಲ್ಲಕ್ಕೆ ಒತ್ತಿಡಬೇಕು. ಆಸೆ ಏಳುವುದು ಜೋರು, ಆದರೆ ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ನಾನು ಅಗಸಿಯ ತನಕ ಹೋಗಿ ಬರುತ್ತಿದ್ದೆ. ಆರೇಳು ತಿಂಗಳಲ್ಲಿ ಮಚ್ಚೆ ಮಾಸಿತು. ಎಲ್ಲರದೂ ಹಾಗೆ ಮಾಸುವುದಿಲ್ಲ, ತೋರಿಸುತ್ತಲೇ ಇರಬೇಕು.

'ಇಷ್ಟ ವಯಸ್ಸಾತು, ಇನ್ನೇನ ಬಿಡೂದೈತಿ' ಎನ್ನುವವರಿಗೆ ಒಂದು ಲೆಕ್ಕ. ಬ್ರಿಟನ್ನಿನಲ್ಲಿ 1951ರಿಂದ ಐವತ್ತು ವರ್ಷ ಡಾಕ್ಟರುಗಳ ಧೂಮಪಾನವನ್ನೇ ಲೆಕ್ಕವಿಟ್ಟು 2004ರಲ್ಲಿ ಪ್ರಕಟಿಸಿದರು. ಅರವತ್ತರಲ್ಲಿ ಸಿಗರೇಟು ಬಿಟ್ಟವರಿಗೂ, ಬಿಡದವರಿಗಿಂತ ಸುಮಾರು ಮೂರು ವರ್ಷ ಆಯುಷ್ಯ ಹೆಚ್ಚು ಸಿಕ್ಕಿತ್ತು. ಮೂರು ವರ್ಷ ಎಂದರೆ ಮೊಮ್ಮಗಳ ಮದುವೆ ನೋಡುವಷ್ಟು. ತಿನ್ನುವ ತಂಬಾಕಿನವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಬಾಯಿ ತೆರೆದು ಮೂರು ಬೆರಳು ಒಂದರ ಮೇಲೊಂದು ಉದ್ದಕ್ಕೆ ಹಿಡಿದು ಹಲ್ಲುಗಳ ನಡುವೆ ತೂರಿಸಿ. ತೂರದಿದ್ದರೆ, ಇಲ್ಲವೇ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ, ಜಾತ್ರೆ ಮುಗಿಯಲಿ ಎಂದು ಕಾಯಬೇಡಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುವ ಪದಾರ್ಥವೇ.

ಬಿಡಬೇಕು ಅನ್ನಿಸಿದವರಿಗೆ ಎರಡು ಮಾತು. ತಂಬಾಕನ್ನು ನಾಳೆ ಬೆಳಿಗ್ಗೆಯೇ ಬಿಡಬಹುದು, ಸಿಟ್ಟು ಬರುತ್ತದೆಯೇ ಹೊರತು ಜೀವಕ್ಕೆ ಅಪಾಯವಿಲ್ಲ. ಬಿಡಲು ನೆರವಾಗುವ 1800-11-2356 ಎಂಬ ನಂಬರು ಪಾಕೀಟಿನ ಮೇಲೇ ಅಚ್ಚಾಗಿದೆ, ನಾವು ಆ ಕಡೆ ನೋಡದೆ ಹರಿಯುತ್ತೇವೆ. ಸೆರೆ ಹಾಗಲ್ಲ. ದಿನಾ ಕುಡಿಯುವವರು ಎಲ್ಲಮ್ಮನ ಮುಂದೆ ಆಣೆ ಮಾಡಿ ಅಂದೇ ನಿಲ್ಲಿಸಿಬಿಡುತ್ತಾರೆ. ಮೂರನೇ ದಿನ ನಡುಕ, ಫಿಟ್ಸ್ ಬಂದರೆ ಅವ್ವ ಮುನಿದಳು ಎನ್ನುತ್ತಾರೆ. ಪಾಪ, ಆಕೆಗೇನು ಸಂಬಂಧ. ಆಣೆ ಮಾಡಿ, ಭಂಡಾರ ಹಚ್ಚಿಕೊಳ್ಳಿ, ಆದರೆ ಗುಡ್ಡ ಹತ್ತುವ ಮೊದಲು ತಾಲೂಕು ದವಾಖಾನೆಯ ಮೆಟ್ಟಿಲು ಹತ್ತಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ನಮಗೆ ದೂರವಲ್ಲ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೆಂದೇ 14446 ಇದೆ.

ಮಕ್ಕಳು ಬೆಂಗಳೂರು ಪುಣೆಯಲ್ಲಿ, ಹೊಲ ಲಾವಣಿಗೆ, ಸಂಜೆ ಏಳರಿಂದ ಹತ್ತರ ತನಕ ಏನು ಮಾಡಬೇಕೋ ತಿಳಿಯದೆ ನಿವೃತ್ತಿಯ ನಂತರ ಹೊಸದಾಗಿ ಹಿಡಿದವರನ್ನೂ ಬಲ್ಲೆ. ಅವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಏಳಕ್ಕೆ ಕಟ್ಟೆಯಿಂದ ಎದ್ದರೆ 'ಎಲ್ಲಿಗೆ?' ಎಂದು ಕೇಳಿ, 'ಬಾ, ನಮ್ಮ ಮನ್ಯಾಗ ರೊಟ್ಟಿ ತಿನ್ನು' ಎನ್ನಿ. ನಾಲ್ಕು ಸಲ ಕರೆದರೆ ಒಂದು ಸಲ ಬರುತ್ತಾರೆ.

ನೇಸರಗಿಯ ಗೆಳೆಯ ಈಗ ವಾಕರ್ ಹಿಡಿದು ನಡೆಯುತ್ತಾನೆ. ಹೋದ ತಿಂಗಳು ಕೆಮ್ಮಿಗೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ಕೇಳುವ ಮೊದಲೇ ಕಿಸೆಯಿಂದ ಚೀಟಿ ತೆಗೆದು ಟೇಬಲ್ಲಿನ ಮೇಲಿಟ್ಟ. ನಾನೇ ಬರೆದುಕೊಟ್ಟದ್ದು, ವೇಬಿಲ್ಲಿನ ಹಾಗೆ ಗೆರೆ ಹೊಡೆದು: ಬಿಪಿ ಗುಳಿಗೆ, ಶುಗರ್ ಗುಳಿಗೆ, ನೋವಿನ ಗುಳಿಗೆ, ಯಾವುದು ಎಷ್ಟು ಹೊತ್ತಿಗೆ. ಕೆಳಗೆ: 'ಸೆರೆ: ದಿನಾ 180, ನಲವತ್ತು ವರ್ಷ. ಬಿಟ್ಟು ಆರು ವರ್ಷ. ತಂಬಾಕು: ಇನ್ನೂ ಐತಿ.'

ಡಾಕ್ಟರು ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟು, 'ಇದು ಯಾವಾಗ ಅಜ್ಜಾರ?' ಎಂದರು.

ಗೆಳೆಯ ನನ್ನ ಕಡೆ ಬೆರಳು ಮಾಡಿದ. 'ಇವನೂ ಅದನ್ನ ಕೇಳತಾನ್ರಿ. ದಿನಾ ಕೇಳತಾನ.'